ಹಲಗೆ ಅನ್ನೋ ಮಾತಿಗೆ ಎರಡರ್ಥ



ಹೋದ ತಿಂಗಳು ಶಿರಸಿಯಲ್ಲಿ ಸಭೆ ಮುಗಿದ ಮೇಲೆ ಹಿರಿಯ ಸಂಗಾತಿಯೊಬ್ಬರು ನನ್ನ ಕೈ ಹಿಡಿದು ನೋಡಿ, "ಏನೋ ಇದು, ಬಡಗಿ ಕೈ ಆಗೋಗಿದೆಯಲ್ಲ" ಅಂದರು. ಗಿಟಾರಿಗೆ ಕುತ್ತಿಗೆ ಮಾಡ್ತೀನಿ ಅಣ್ಣಾ ಅಂದೆ. ಅವರು ನಗಲಿಲ್ಲ. "ಹಲಗೆ ನಮ್ಮದು. ಅದನ್ನ ಬಿಟ್ಟು ಗಿಟಾರ್ ಯಾಕೆ? ಅದು ಯಾರದೋ ವಾದ್ಯ" ಅಂದರು. ಕಡೇ ಬಸ್ಸಿಗೆ ಹೊತ್ತಾಗಿತ್ತು, ಉತ್ತರ ಕೊಡೋಕೆ ಆಗಲಿಲ್ಲ. ಇದೇ ಪ್ರಶ್ನೆ ಇನ್ನೂ ನಾಲ್ಕೈದು ಜನ ಕೇಳಿದ್ದಾರೆ, ಹಾಗಾಗಿ ಇಲ್ಲೇ ಬರೀತಾ ಇದ್ದೀನಿ. ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಹಲಗೆ ಅಂದರೆ ಎರಡು. ಒಂದು ಚರ್ಮದ್ದು, ಬಾರಿಸೋದು. ಇನ್ನೊಂದು ಮರದ್ದು, ದಿಮ್ಮಿ ಕೊಯ್ದು ತೆಗೆದದ್ದು. ಮೊದಲನೇದನ್ನ ಊರು ನಮ್ಮ ಅಜ್ಜಂದಿರ ಕೊರಳಿಗೆ ಕಟ್ಟಿತು. ಎರಡನೇದನ್ನ ನಮ್ಮ ಅಪ್ಪಂದಿರ ಹೆಗಲಿಗೆ ಹೊರಿಸಿತು. ಹೊರೋದಷ್ಟೇ. ಅದರಲ್ಲಿ ಏನಾದರೂ ಮಾಡೋ ಕೆಲಸ ನಮ್ಮದಾಗಿರಲಿಲ್ಲ.

ನಮ್ಮದು ಸಿದ್ದಾಪುರ ತಾಲ್ಲೂಕಿನ ಮನ್ಮನೆ ಕಡೆ. ನನ್ನ ಅಜ್ಜ ಜಾತ್ರೆ, ಸಾವು, ಡಂಗುರ ಎಲ್ಲಕ್ಕೂ ಹಲಗೆ ಬಾರಿಸ್ತಿದ್ದ. ಕೂಲಿ ಅಂತ ಇಲ್ಲ, ಕೊಟ್ಟದ್ದು ಇಸ್ಕೊಳ್ಳೋದು. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರು ಮತ್ತು ಸಂಗಾತಿಗಳು ದಲಿತ ಸಂಘರ್ಷ ಸಮಿತಿ ಕಟ್ಟಿದ ಮೇಲೆ ಎಷ್ಟೋ ಕೇರಿಗಳಲ್ಲಿ "ಬಿಟ್ಟಿ ಹಲಗೆ ಬಾರಿಸೋದಿಲ್ಲ" ಅನ್ನೋ ಮಾತು ಬಂತು. ನಮ್ಮ ಕೇರಿಗೆ ಅದು ತಡವಾಗಿ ಬಂತು. ಬಂದಾಗ ನಮ್ಮಪ್ಪ ಹಲಗೆ ಗೋಡೆಗೆ ತೂಗುಹಾಕಿ ಕೂಪಿನ ಕೆಲಸಕ್ಕೆ ಹೋದ. ಆಮೇಲೆ ಅದೇ ಚಳವಳಿ ಹಲಗೆಯನ್ನ ವೇದಿಕೆಗೆ ತಂದು ಇದು ನಮ್ಮ ಸೊಲ್ಲು ಅಂತು. ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬಿಟ್ಟದ್ದೂ ಸರಿ, ಹಿಡಿದದ್ದೂ ಸರಿ ಅನ್ನೋನು ನಾನು. ಒತ್ತಾಯಕ್ಕೆ ಬಾರಿಸೋದು ಬೇರೆ, ಇಷ್ಟಪಟ್ಟು ಬಾರಿಸೋದು ಬೇರೆ. ನಮ್ಮ ತಂಡದ ಹಾಡುಗಳಲ್ಲಿ ಈಗಲೂ ಹಲಗೆ ಇದೆ, ಅಣ್ಣ ಅದನ್ನ ಗಮನಿಸಿಲ್ಲ ಅಷ್ಟೇ.

ಕೂಪು ಅಂದರೆ ಗೊತ್ತಿಲ್ಲದವರಿಗೆ: ಕಾಡಲ್ಲಿ ಮರ ಕಡಿಯೋಕೆ ಗುರುತು ಹಾಕಿದ ಜಾಗ. ಕಂತ್ರಾಟುದಾರ ಒಬ್ಬ, ಕೂಲಿಗಳು ನೂರು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿ ಕಾಡಲ್ಲಿ ಜನ ಮರ ಅಪ್ಪಿಕೊಂಡು ಅಪ್ಪಿಕೋ ಚಳವಳಿ ಶುರುವಾಯಿತಲ್ಲ, ಆ ಕಥೆ ಎಲ್ಲ ಪುಸ್ತಕದಲ್ಲೂ ಇದೆ. ಒಳ್ಳೇ ಚಳವಳಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆವತ್ತು ಕೊಡಲಿ ಹಿಡಿದು ಮರದ ಎದುರು ನಿಂತವರೂ ಜನವೇ. ದಿನಗೂಲಿಯವರು. ಅವರು ಸಂಜೆ ಮನೆಗೆ ಏನು ಒಯ್ದರು ಅಂತ ಯಾವ ಪುಸ್ತಕದಲ್ಲೂ ನಾನು ಓದಿಲ್ಲ.

ಅಪ್ಪನಿಗೆ ಅಕ್ಷರ ಬರ್ತಿರಲಿಲ್ಲ. ಮರ ಬರ್ತಿತ್ತು. ದಿಮ್ಮಿಯ ತುದಿಗೆ ಕೊಡಲಿಯ ಹಿಂಭಾಗದಿಂದ ಒಂದು ಪೆಟ್ಟು ಕೊಟ್ಟು ಆ ಕಡೆ ಕಿವಿ ಇಟ್ಟು, "ಒಳಗೆ ಪೊಟರೆ ಇದೆ" ಅಂತಿದ್ದ. ಕೊಯ್ದರೆ ಪೊಟರೆ ಇರ್ತಿತ್ತು. ಹೊನ್ನೆ ಕೊಯ್ದ ದಿನ ಅವನ ಅಂಗೈ ಹಳದಿ. ಬೀಟೆ ಕೊಯ್ದ ದಿನ ಅಂಗಿಗೆಲ್ಲ ಒಂಥರ ಸಿಹಿ ವಾಸನೆ, ಮಾರನೇ ದಿನ ಮೂಗು ಕಟ್ಟೋದು. ಜಂಬೆ ಗರಗಸದ ಹಲ್ಲು ತಿನ್ನೋ ಮರ. ಮತ್ತಿ ಒಣಗುವಾಗ ಸೀಳು ಬಿಡೋ ಮರ. ಇವೆಲ್ಲ ನನಗೆ ಶಾಲೆಗೆ ಹೋಗೋ ಮೊದಲೇ ಗೊತ್ತಿತ್ತು. ಆದರೆ ಅಪ್ಪ ಹೊತ್ತ ಮರದಲ್ಲಿ ನಮ್ಮ ಮನೆಗೆ ಬಂದದ್ದು ಸೌದೆ ಮಾತ್ರ. ನಾಟಾ ಆಚಾರಿಗೆ ಹೋಗ್ತಿತ್ತು, ಬಾಗಿಲಾಗ್ತಿತ್ತು. ಗಂಧ ಗುಡಿಗಾರರಿಗೆ ಹೋಗ್ತಿತ್ತು, ದೇವರಾಗ್ತಿತ್ತು. ಶಿರಸಿಯ ಮಾರಿಕಾಂಬೆಯೂ ಮರದವಳೇ, ಏಳಡಿ ಎತ್ತರ. (ಮಾರಿಯ ಕಥೆಯಲ್ಲಿ ಕೋಣ ಯಾರು ಅಂತ ಇದನ್ನ ಓದ್ತಾ ಇರೋ ಎಲ್ಲರಿಗೂ ಗೊತ್ತು, ಬಿಡಿ.) ಮರ ಬಾಗಿಲಾದ ಮೇಲೆ ಅದರ ಹೊಸ್ತಿಲು ದಾಟೋಕೆ ಅದನ್ನ ಹೊತ್ತು ತಂದವನಿಗೆ ಅವಕಾಶ ಇಲ್ಲ. ಅಪ್ಪ ಅಂಗಳದಲ್ಲಿ ನಿಂತು "ಒಡೆಯಾ, ನಾಟಾ ಬಂತು" ಅಂತ ಕೂಗ್ತಿದ್ದ.

ಈಗ ಗಿಟಾರಿನ ವಿಷಯ.

ನಮ್ಮ ಹಾಡಿನ ತಂಡಕ್ಕೆ ಹುಬ್ಬಳ್ಳಿಯಿಂದ ಒಂದು ಹಳೇ ಎಲೆಕ್ಟ್ರಿಕ್ ಗಿಟಾರ್ ತಂದಿದ್ದೆವು. ಒಂದು ಮಳೆಗಾಲ ಕಳೆಯೋದರೊಳಗೆ ಅದರ ಕುತ್ತಿಗೆ ಬಿಲ್ಲಿನ ಹಾಗೆ ಬಾಗಿತು. ನಮ್ಮ ಮಲೆನಾಡಿನ ಮಳೆ ಗೊತ್ತಲ್ಲ, ಜೂನಿನಿಂದ ಸೆಪ್ಟೆಂಬರ್ ತನಕ ಒಲೆ ಮೇಲಿನ ಅಟ್ಟ ಬಿಟ್ಟು ಮನೆಯಲ್ಲಿ ಎಲ್ಲೂ ಒಣಗಿದ ಜಾಗ ಇರಲ್ಲ. ರಿಪೇರಿಗೆ ಕೇಳಿದರೆ ಗಿಟಾರಿಗಿಂತ ಜಾಸ್ತಿ ದುಡ್ಡು ಹೇಳಿದರು. ಬಿಚ್ಚಿ ನೋಡಿದೆ. ಹಿಂದೆ ನಾಲ್ಕು ಸ್ಕ್ರೂ, ಅಷ್ಟೇ. ಕುತ್ತಿಗೆ ಕೈಗೆ ಬಂತು.

ಈ ನಾಲ್ಕು ಸ್ಕ್ರೂಗೆ ಒಂದು ಚರಿತ್ರೆ ಇದೆ. 1950ರ ಸುಮಾರಿಗೆ ಅಮೆರಿಕದಲ್ಲಿ ಲಿಯೋ ಫೆಂಡರ್ ಅನ್ನೋ ರೇಡಿಯೋ ರಿಪೇರಿಯವನು ಗಟ್ಟಿ ಹಲಗೆಯಿಂದ ಗಿಟಾರ್ ಮಾಡಿದ. ಅಲ್ಲಿಯವರೆಗೆ ಒಳ್ಳೇ ಗಿಟಾರ್ ಅಂದರೆ ಕುತ್ತಿಗೆಯನ್ನ ಮೈಗೆ ಕೆತ್ತಿ ಕೂರಿಸಿ ಅಂಟುಹಾಕೋ ಕಸುಬು, ಪಳಗಿದ ಕೈ ಬೇಕು. ಇವನು ಮೇಪಲ್ ಮರದ ಒಂದೇ ತುಂಡಲ್ಲಿ ಕುತ್ತಿಗೆ ಮಾಡಿ ಸ್ಕ್ರೂ ಹೊಡೆದ. ಕೆಟ್ಟರೆ ಬಿಚ್ಚು, ಬೇರೆ ಹಾಕು. ಗಿಟಾರ್ ತಯಾರಿಸೋ ವಿದ್ಯೆ ಅಲ್ಲಿ ಎರಡು ತುಂಡಾಯಿತು, ಅದರಲ್ಲಿ ಒಂದು ತುಂಡು ನನ್ನಂಥವನ ಕೈಗೂ ಸಿಕ್ಕಿತು. ಅವನಿಗಿಂತ ಮೊದಲೇ ಲೆಸ್ ಪಾಲ್ ಅನ್ನೋ ವಾದಕ ನಾಲ್ಕಿಂಚು ದಪ್ಪದ ಪೈನ್ ತೊಲೆಗೆ ತಂತಿ ಬಿಗಿದು ಅದಕ್ಕೆ ದಿಮ್ಮಿ ಅಂತಲೇ ಹೆಸರಿಟ್ಟಿದ್ದ. ಇಂಗ್ಲೆಂಡಿನಲ್ಲಿ ಬ್ರಿಯಾನ್ ಮೇ ಅನ್ನೋ ಹುಡುಗ, ಆಮೇಲೆ ಕ್ವೀನ್ ಬ್ಯಾಂಡಿನವನು, 1963ರಲ್ಲಿ ಅಪ್ಪನ ಜೊತೆ ಕೂತು ಗಿಟಾರ್ ಮಾಡೋಕೆ ಶುರುಮಾಡಿದ. ಕುತ್ತಿಗೆಗೆ ಸಿಕ್ಕಿದ್ದು ಹಳೇ ಮನೆಯ ಬೆಂಕಿಗೂಡಿನ ಮೇಲಿದ್ದ ಮಹಾಗನಿ ಹಲಗೆ, ಹುಳ ಕೊರೆದ ತೂತುಗಳೂ ಅದರಲ್ಲಿದ್ದವು. ಅದನ್ನೇ ಜೀವನಪೂರ್ತಿ ಬಾರಿಸಿದ. ನನಗೆ ಧೈರ್ಯ ಬಂದದ್ದು ಆ ಹುಳದ ತೂತಿನ ಕಥೆಯಿಂದ.

ಕುತ್ತಿಗೆ ಅಂದರೆ ಸುಮ್ಮನೆ ಕೋಲಲ್ಲ. ಆರು ತಂತಿ ಶ್ರುತಿಗೆ ಬಿಗಿದಾಗ ಒಟ್ಟು ಎಳೆತ ಐವತ್ತು ಕಿಲೋಗೆ ಹತ್ತಿರ, ಒಂದು ಸಿಮೆಂಟ್ ಚೀಲದಷ್ಟು. ಹಗಲೂ ರಾತ್ರಿ ಆ ಭಾರ ಎಳೀತಾ ಇರ್ತದೆ, ಹೆಬ್ಬೆರಳಿನಗಲಕ್ಕಿಂತ ದಪ್ಪವಿಲ್ಲದ ಮರ ತಡೀಬೇಕು. ಅದಕ್ಕೆ ಒಳಗೆ ಕಾಲುವೆ ಕೊರೆದು ಟ್ರಸ್ ರಾಡ್ ಅನ್ನೋ ಉಕ್ಕಿನ ಸರಳು ಕೂರಿಸ್ತಾರೆ. ತಂತಿ ಎಳೆದ ಕಡೆ ಮರ ಬಾಗಿದರೆ ಸರಳಿನ ನಟ್ಟು ತಿರುಗಿಸಿ ಎದುರಿಗೆ ಎಳೆಯೋದು. ಮರ ಆರಿಸೋದರಲ್ಲೇ ಅರ್ಧ ಕೆಲಸ. ಎಳೆ ನೇರ ಇರಬೇಕು, ಗಂಟು ಇರಬಾರದು, ಹೊರಗಿನ ಬಿಳಿ ಭಾಗ ಬಿಟ್ಟು ಒಳಗಿನ ಚೇಗೇ ಬೇಕು. ತುದಿ ಕಡೆಯಿಂದ ನೋಡಿದರೆ ವರ್ಷದ ಗೆರೆಗಳು ಮಲಗಿರದೆ ನಿಂತಿರಬೇಕು. ಹಾಗೆ ಕೊಯ್ದ ಹಲಗೆ ತೇವಕ್ಕೆ ಸೊಟ್ಟಗಾಗೋದು ಕಡಿಮೆ. ಕೊಯ್ದ ಮೇಲೆ ಎರಡು ಮಳೆಗಾಲ ಒಲೆ ಮೇಲಿನ ಅಟ್ಟದಲ್ಲಿ ಇಡ್ತೀನಿ. ಅಮ್ಮ ಅಡಿಕೆ ಸಿಪ್ಪೆ ಹಾಕಿ ಒಲೆ ಉರಿಸ್ತಾಳೆ, ಹೊಗೆ ಕುಡಿದು ಮರ ಬುದ್ಧಿ ಕಲೀತದೆ. ಮೇಲೆ ಮೀನು ಒಣಗ್ತಾ ಇರ್ತದೆ, ಪಕ್ಕದಲ್ಲಿ ಗಿಟಾರ್ ಕುತ್ತಿಗೆ.

ಆಮೇಲೆ ಮೆಟ್ಟಿಲು. ಫ್ರೆಟ್ ಅಂತಾರಲ್ಲ ಅದನ್ನ ವೀಣೆಯವರು ಮೆಟ್ಟಿಲು ಅಂತಾರೆ. ಲೆಕ್ಕ ಹೀಗೆ: ತಂತಿಯ ಉದ್ದ 648 ಮಿಲಿಮೀಟರ್ ಇಟ್ಟುಕೊಳ್ಳಿ. ಅದನ್ನ 17.817ರಿಂದ ಭಾಗಿಸಿ. 36.4 ಬರ್ತದೆ, ಅಲ್ಲಿ ಮೊದಲ ಮೆಟ್ಟಿಲು. ಉಳಿದ ಉದ್ದವನ್ನ ಮತ್ತೆ 17.817ರಿಂದ ಭಾಗಿಸಿ, 34.3, ಅಲ್ಲಿ ಎರಡನೇದು. ಹೀಗೇ ಹೋದರೆ ಹನ್ನೆರಡನೇ ಮೆಟ್ಟಿಲು ಸರಿಯಾಗಿ ನಡುವೆ, 324ಕ್ಕೆ ಬಂದು ನಿಲ್ತದೆ. ನಿಲ್ಲಲಿಲ್ಲ ಅಂದರೆ ಲೆಕ್ಕ ಮೊದಲಿಂದ. ಪ್ರತಿ ಗೆರೆಗೂ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲದ ಸೀಳು ಗರಗಸದಲ್ಲಿ ಹಾಕಿ ಫ್ರೆಟ್ ತಂತಿ ತಟ್ಟಿ ಕೂರಿಸೋದು. ಹಿಂಭಾಗ ಕೀಸುಳಿಯಲ್ಲಿ ಶುರುಮಾಡಿ ಅರದಲ್ಲಿ ಮುಗಿಸ್ತೀನಿ. ಕಡೆಗೆ ಕಣ್ಣು ಮುಚ್ಚಿ ಅಂಗೈಯಲ್ಲಿ ಸವರಿ ನೋಡಬೇಕು. ಕಣ್ಣಿಗೆ ಕಾಣದ ಉಬ್ಬು ಹೆಬ್ಬೆರಳಿಗೆ ಸಿಗ್ತದೆ. ಒಂದು ಕುತ್ತಿಗೆಗೆ ಐವತ್ತು ತಾಸು ಹಿಡೀತದೆ ನನಗೆ.

ಮರಗಳಲ್ಲಿ ನನಗೆ ಹೊಂದಿಕೆಯಾದದ್ದು ಹಳೇ ಸಾಗವಾನಿ ಮತ್ತು ಜಂಬೆ. ಸಾಗವಾನಿಯಲ್ಲಿ ಎಣ್ಣೆ ಅಂಶ, ಅಂಟು ಹಾಕೋ ಮೊದಲು ಅಸಿಟೋನಿನಲ್ಲಿ ಒರೆಸದಿದ್ದರೆ ಬಿಟ್ಟುಕೊಳ್ತದೆ. ಹಲಸು ವೀಣೆಯವರ ಮರ, ಹಗುರ, ಅದು ಗಿಟಾರಿನ ಮೈಗೆ ಚೆನ್ನಾಗಿರ್ತದೆ. ಅಕೇಶಿಯವನ್ನೂ ಬಳಸ್ತೀನಿ. ಇಲಾಖೆಯವರು ನಮ್ಮ ಜಿಲ್ಲೆಯ ಬೋಳು ಗುಡ್ಡಗಳಲ್ಲೆಲ್ಲ ನೆಟ್ಟ ಆಸ್ಟ್ರೇಲಿಯಾದ ಮರ ಅದು. ಅದರ ಕೆಳಗೆ ಹುಲ್ಲೂ ಬೆಳೆಯೋದಿಲ್ಲ ಅಂತ ನಮ್ಮೋರು ಬಯ್ಯೋದು ನ್ಯಾಯವೇ. ಆದರೆ ಅದರ ಅಣ್ಣತಮ್ಮಂದಿರಾದ ಹವಾಯಿಯ ಕೋಆ, ಆಸ್ಟ್ರೇಲಿಯಾದ ಬ್ಲ್ಯಾಕ್‌ವುಡ್ ಮರಗಳಿಂದ ದುಬಾರಿ ಗಿಟಾರ್ ಮಾಡ್ತಾರೆ. ನೇರ ಎಳೆಯ ತುಂಡು ಹತ್ತರಲ್ಲಿ ಒಂದು ಸಿಕ್ಕರೆ ಪುಣ್ಯ.

ಬೀಟೆಯದ್ದು ಬೇರೆ ಕಥೆ. ಕುತ್ತಿಗೆಯ ಮುಂಭಾಗದಲ್ಲಿ ಬೆರಳು ಓಡಾಡೋ ಮೇಲ್ಪಟ್ಟಿಗೆ ಲೋಕದಲ್ಲೆಲ್ಲ ಬೇಕಾದ ಮರ ಬೀಟೆ. ಮೊದಲು ಬ್ರೆಜಿಲಿನ ಬೀಟೆ ಓಡ್ತಿತ್ತು. 1960ರ ದಶಕದ ಕೊನೆಗೆ ಅಲ್ಲಿಂದ ದಿಮ್ಮಿ ಬರೋದು ನಿಂತ ಮೇಲೆ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಇಂಡಿಯಾದ ಬೀಟೆಗೆ ಬಂತು. ಇಂಡಿಯಾದ ಬೀಟೆ ಅಂದರೆ ಹೆಚ್ಚಾಗಿ ಈ ಘಟ್ಟಸಾಲಿನದು. ಅಂದರೆ ಲೋಕದ ದೊಡ್ಡ ದೊಡ್ಡ ವಾದಕರ ಬೆರಳ ಕೆಳಗೆ ನಮ್ಮಪ್ಪಂದಿರಂಥವರು ಹೊತ್ತ ಮರ ಇದೆ. ಇದನ್ನ ನಾನು ಗಿಟಾರ್ ಹಿಡಿದು ಹತ್ತು ವರ್ಷ ಆದ ಮೇಲೆ ತಿಳಿದುಕೊಂಡೆ.

ನನಗೆ ಬೀಟೆ ಸಿಕ್ಕಿದ್ದು ಒಂದು ಹೊಸ್ತಿಲಿನಿಂದ. ಹಳೇ ದೊಡ್ಡ ಮನೆಗಳನ್ನ ಕೆಡವಿ ಆರ್‌ಸಿಸಿ ಕಟ್ತಾ ಇದ್ದಾರಲ್ಲ, ಹಳೇ ನಾಟಾ ಕೊಂಡು ಮಾರೋ ಸಾಬರೊಬ್ಬರಿದ್ದಾರೆ. ಅವರ ಹತ್ತಿರ ನಾಲ್ಕಡಿ ಉದ್ದ, ಆರಿಂಚು ಅಗಲ, ಮೂರಿಂಚು ದಪ್ಪದ ಹೊಸ್ತಿಲು ಇತ್ತು. ಅರಿಶಿನ ಕುಂಕುಮ ಎಳೆಗಳೊಳಗೆ ಇಳಿದುಹೋಗಿತ್ತು. ಹೊಸ್ತಿಲು ತುಳೀಬಾರದು ಅಂತಾರೆ, ಆದರೂ ನಡು ಸವೆದು ತಗ್ಗಾಗಿತ್ತು. ಎರಡು ಕಂತಲ್ಲಿ ದುಡ್ಡು ಕೊಟ್ಟು ರಸೀತಿ ಬರೆಸಿಕೊಂಡೆ. ಕೊಯ್ಯೋಕೆ ಒಯ್ದಾಗ ಮಿಲ್ಲಿನಾತ "ಹೊಸ್ತಿಲು ಮಾರಾಯ, ಇದನ್ನ ಕೊಯ್ತಾರಾ ಯಾರಾದ್ರೂ" ಅಂದ. ಕೊಯ್ಯಣ್ಣ, ನಾನು ಹೇಳ್ತೀನಿ ಅಂದೆ. ಮೊಳೆ ಹೊಡೆದ ಜಾಗ, ಸವೆದ ಜಾಗ ಕಳೆದು ಹದಿನೆಂಟು ಪಟ್ಟಿ ಬಂತು. ಒಳಗೆ ನೇರಳೆ ಬಣ್ಣ, ಕಪ್ಪು ಗೆರೆ, ಅಪ್ಪನ ಅಂಗಿಯ ವಾಸನೆ.

ಆ ಪಟ್ಟಿಗಳಲ್ಲಿ ಆರು, ಮತ್ತೆ ಎರಡು ಮುಗಿದ ಕುತ್ತಿಗೆ ಚೀಲದಲ್ಲಿಟ್ಟುಕೊಂಡು ಬೈಕಲ್ಲಿ ಹೋಗ್ತಿದ್ದಾಗ ಒಂದು ಗೇಟಲ್ಲಿ ನಿಲ್ಲಿಸಿದರು. ಯಾವ ಗೇಟು, ಯಾರು ಅಂತ ಬರೆಯಲ್ಲ, ಅದು ಇಲ್ಲಿ ಮುಖ್ಯ ಅಲ್ಲ. ಚೀಲ ಬಿಚ್ಚಿಸಿದರು. "ಬೀಟೆ. ಎಲ್ಲಿಂದ ಕದ್ದದ್ದು?" ಕೊಂಡದ್ದು ಸರ್, ರಸೀತಿ ಇದೆ. ಹೆಸರು ಕೇಳಿದರು. ಊರು ಕೇಳಿದರು. ಊರಲ್ಲಿ ಎಲ್ಲಿ ಅಂತ ಕೇಳಿದರು. ಈ ಮೂರನೇ ಪ್ರಶ್ನೆ ಯಾಕೆ ಬರ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆಮೇಲೆ ರಸೀತಿಯನ್ನ ಮೇಲೆ ಕೆಳಗೆ ನೋಡಿ, "ನಿಮಗೆಲ್ಲ ಯಾರೋ ಬೀಟೆ ಮಾರೋದು" ಅಂದರು. ಎರಡೂವರೆ ತಾಸು ಕೂರಿಸಿದರು. ನಮ್ಮ ವಕೀಲ ಸಂಗಾತಿ ಫೋನಲ್ಲಿ ಮಾತಾಡಿದ ಮೇಲೆ ಬಿಟ್ಟರು. ನಾಲ್ಕು ಪಟ್ಟಿ ವಾಪಸ್ ಬಂತು, ಎರಡು ಬರಲಿಲ್ಲ.

ಕಾನೂನು ನೋಡಿದೆ. ಕರ್ನಾಟಕ ಅರಣ್ಯ ಕಾಯ್ದೆ 1963ರಲ್ಲಿ ಒಂದು ಮಾತಿದೆ: ಅರಣ್ಯ ಉತ್ಪನ್ನ ಯಾರದ್ದು ಅನ್ನೋ ಪ್ರಶ್ನೆ ಪ್ರಕರಣದಲ್ಲಿ ಎದ್ದರೆ, ಬೇರೆಯವರದ್ದು ಅಂತ ರುಜುವಾತಾಗೋ ತನಕ ಅದು ಸರ್ಕಾರದ್ದು ಅಂತಲೇ ತಿಳೀಬೇಕು. ರುಜುವಾತು ಮಾಡೋ ಹೊಣೆ ಕೈಯಲ್ಲಿ ಹಿಡಿದವನದು. ಕಾಗದದ ಮೇಲೆ ಇದು ಎಲ್ಲರಿಗೂ ಒಂದೇ. ಗೇಟಲ್ಲಿ ಚೀಲ ಯಾರದ್ದು ಬಿಚ್ಚಿಸ್ತಾರೆ ಅನ್ನೋದರ ಮೇಲೆ ಬೇರೆ ಬೇರೆ ಆಗ್ತದೆ.

ಇದೇ ಮರಕ್ಕೆ ಅಮೆರಿಕದಲ್ಲೂ ದಾಳಿ ಆಗಿದೆ. 2011ರ ಆಗಸ್ಟಿನಲ್ಲಿ ಗಿಬ್ಸನ್ ಗಿಟಾರ್ ಕಂಪನಿಯ ಕಾರ್ಖಾನೆಗಳಿಗೆ ಅಲ್ಲಿನ ಅಧಿಕಾರಿಗಳು ನುಗ್ಗಿ ಇಂಡಿಯಾದಿಂದ ಹೋದ ಬೀಟೆ, ಕರಿಮರದ ಪಟ್ಟಿಗಳನ್ನ ಹಿಡಿದರು. ತಕರಾರು ದಪ್ಪದ್ದು: ಆರು ಮಿಲಿಮೀಟರಿಗಿಂತ ದಪ್ಪ ಇದ್ದರೆ ಅದು ಕೊಯ್ದ ನಾಟಾ, ಇಂಡಿಯಾದ ಕಾನೂನಿನಲ್ಲಿ ರಫ್ತು ಮಾಡೋ ಹಾಗಿಲ್ಲ ಅನ್ನೋದು ಅಧಿಕಾರಿಗಳ ವಾದ. ಮರುವರ್ಷ ರಾಜಿ ಆಯಿತು. ಮಡಗಾಸ್ಕರಿನ ಕರಿಮರದ ಹಳೇ ಪ್ರಕರಣವೂ ಸೇರಿ ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಿತು, ಇಂಡಿಯಾದ ಮರ ವಾಪಸ್ ಸಿಕ್ಕಿತು. ಆ ಮರದಿಂದ ಗಿಟಾರ್ ಮಾಡಿ "ಗವರ್ನಮೆಂಟ್ ಸೀರೀಸ್" ಅಂತ ಹೆಸರಿಟ್ಟು ಮಾರಿದರು! 2017ರ ಜನವರಿ 2ರಿಂದ ಬೀಟೆಯ ಜಾತಿಯ ಮರಗಳ ವ್ಯಾಪಾರಕ್ಕೆ ಲೋಕದಾದ್ಯಂತ ಪರವಾನಗಿ ಬೇಕು ಅಂತಾಯಿತು. ಗಿಟಾರ್ ಕಂಪನಿಗಳು, ವಾದಕರು ಗಲಾಟೆ ಮಾಡಿದರು, 2019ರ ನವೆಂಬರಿನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬೀಟೆ ಉಳೀಬೇಕು, ನಿಯಮ ಇರಲಿ, ನನ್ನ ವಿರೋಧ ಇಲ್ಲ. ಹಸಿ ಬೀಟೆಗೆ ನಾನು ಕೈ ಹಾಕೋನಲ್ಲ. ಆದರೆ ನನ್ನ ಎರಡು ಪಟ್ಟಿಗೆ ಯಾವ ಮೇಳದವರು ಗಲಾಟೆ ಮಾಡ್ತಾರೆ?

ಕಾಡು ಯಾರದ್ದು ಅನ್ನೋದು ಇಲ್ಲಿ ಹೊಸ ಪ್ರಶ್ನೆಯಲ್ಲ. ನಮ್ಮ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಿಂದ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ತೋಟ ಇದ್ದವರಿಗೆ ಬೆಟ್ಟ. ತೋಟವೇ ಇಲ್ಲದವರಿಗೆ? ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳು 2003ರಲ್ಲೇ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಅವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ವಾಸ ತೋರಿಸಿದರೆ ಸಾಕು. ಅವರಿಗೂ ಅದು ಸುಲಭವಾಗಿಲ್ಲ, ಅದು ಬೇರೆ ಮಾತು. ನಾವು ಪರಿಶಿಷ್ಟ ಜಾತಿ. ಕಾಯ್ದೆಯ ಕಣ್ಣಲ್ಲಿ "ಇತರೆ ಪಾರಂಪರಿಕ ಅರಣ್ಯವಾಸಿ". ಮೂರು ತಲೆಮಾರು, 75 ವರ್ಷದ ದಾಖಲೆ ಕೊಡಿ ಅಂತಾರೆ. ನಮ್ಮ ಕೇರಿಯ ಅರ್ಜಿಗಳು ಅದಕ್ಕೇ ತಿರಸ್ಕಾರವಾಗಿವೆ. ಮರ ತನ್ನ ವಯಸ್ಸನ್ನ ಮೈಯೊಳಗೇ ಬರೆದಿಟ್ಟುಕೊಂಡಿರ್ತದೆ. ಬಿಟ್ಟಿ ಹಲಗೆ ಬಾರಿಸಿದ್ದಕ್ಕೆ ಯಾರು ರಸೀತಿ ಕೊಟ್ಟಿದ್ದರು ನಮ್ಮ ಅಜ್ಜನಿಗೆ?

ಈಗ ಅಣ್ಣನ ಪ್ರಶ್ನೆಗೆ ನೇರವಾಗಿ ಬರ್ತೀನಿ. ಗಿಟಾರ್ ಯಾರದೋ ವಾದ್ಯ ಹೌದು. ಆದರೆ ಎಲೆಕ್ಟ್ರಿಕ್ ಗಿಟಾರನ್ನ ಮಾತಾಡಿಸಿದವರು ಯಾರು? ಆಫ್ರಿಕಾದಿಂದ ಹಿಡಿದು ತಂದು ಗುಲಾಮರನ್ನಾಗಿ ಮಾಡಿದವರ ಮಕ್ಕಳು, ಮೊಮ್ಮಕ್ಕಳು. ಅವರು ಅಮೆರಿಕದಲ್ಲಿ ಮೊದಲು ಕಟ್ಟಿಕೊಂಡ ವಾದ್ಯ ಬ್ಯಾಂಜೊ: ಸೋರೆ ಬುರುಡೆ, ಅದರ ಬಾಯಿಗೆ ಬಿಗಿದ ಚರ್ಮ, ಒಂದು ಕುತ್ತಿಗೆ, ತಂತಿ. ದಕ್ಷಿಣದ ಹತ್ತಿ ಹೊಲದ ಬಡ ಮಕ್ಕಳು ಗೋಡೆಗೆ ಪೊರಕೆಯ ತಂತಿ ಬಿಗಿದು ಬಾಟಲಿ ಉಜ್ಜಿ ಬಾರಿಸ್ತಿದ್ದರು. ಅಲ್ಲಿಂದ ಬ್ಲೂಸ್. ನಮ್ಮಲ್ಲಿ ಯಲ್ಲಮ್ಮನ ಜೋಗತಿಯರ ಚೌಡಿಕೆ ನೋಡಿ: ಚರ್ಮ ಇದೆ, ಕೋಲು ಇದೆ, ಒಂದು ತಂತಿ ಇದೆ. ಬಾರಿಸೋ ಹಲಗೆಗೆ ಮರದ ಕುತ್ತಿಗೆ ಕೊಟ್ಟರೆ ಅದೇ ತಾನೆ? ನಮ್ಮ ಜನ ಅದನ್ನ ಯಾವತ್ತೋ ಮಾಡಿದ್ದಾರೆ. ಹಾಗಾಗಿ ನಾನು ಹಲಗೆ ಬಿಟ್ಟಿಲ್ಲ ಅಣ್ಣಾ. ಕೈಗೆ ಕೊಡದೇ ಇದ್ದ ಇನ್ನೊಂದು ಹಲಗೆಯನ್ನ ತಗೊಂಡೆ.

ಇದರಿಂದ ಹೊಟ್ಟೆ ತುಂಬ್ತದಾ ಅಂತ ನಮ್ಮ ಕೇರಿಯ ಅಕ್ಕ ಒಬ್ಬಳು ಕೇಳಿದಳು. ಇಲ್ಲ. ಒಂದು ಕುತ್ತಿಗೆಗೆ ಎಂಟೊಂಬತ್ತು ಸಾವಿರ ಸಿಗ್ತದೆ, ಸರಳು, ಫ್ರೆಟ್ ತಂತಿ, ಪಾಲಿಶ್ ಪೇಪರ್, ಮರ ಕಳೆದು ಉಳಿಯೋದು ಅಡಿಕೆ ಸುಲಿಯೋ ಕೂಲಿಗಿಂತ ಸ್ವಲ್ಪ ಮೇಲೆ. ಆದರೂ ಆ ಅಕ್ಕನ ಮಗಳೇ ಈಗ ಭಾನುವಾರ ಬಂದು ಕೂರ್ತಾಳೆ. ಪಿಯುಸಿ ಹುಡುಗಿ. ಮೆಟ್ಟಿಲಿನ ಸೀಳು ಹಾಕೋದರಲ್ಲಿ ನನಗಿಂತ ಅವಳ ಕೈ ನೆಟ್ಟಗೆ. ಲೆಕ್ಕ ಬಾಯಲ್ಲೇ ಹೇಳ್ತಾಳೆ. ಮೊನ್ನೆ ಜಂಬೆ ತುಂಡೊಂದನ್ನ ಎತ್ತಿ ಬೆರಳಿನ ಗೆಣ್ಣಲ್ಲಿ ತಟ್ಟಿ ಕಿವಿಗೆ ಹಿಡಿದಳು. ಅದನ್ನ ನಾನು ಹೇಳಿಕೊಟ್ಟಿರಲಿಲ್ಲ.

ಸದ್ಯ ಕೈಯಲ್ಲಿರೋದು ಯಲ್ಲಾಪುರ ಕಡೆಯ ಹುಡುಗನೊಬ್ಬನಿಗೆ ಬೇಸ್ ಗಿಟಾರಿನ ಕುತ್ತಿಗೆ. ಏಪ್ರಿಲ್ 14ರ ಕಾರ್ಯಕ್ರಮಕ್ಕೆ ಅವನು ನಮ್ಮ ಜೊತೆ ಬಾರಿಸ್ತಾನೆ. ಬೇಸಿಗೆ ತಂತಿಯ ಉದ್ದ 864 ಮಿಲಿಮೀಟರ್, ಎಳೆತವೂ ಜಾಸ್ತಿ, ಹತ್ತಿರ ಇರೋ ಜಂಬೆ ಗಿಡ್ಡ ಆಗ್ತದೆ. ಮೂರಡಿಗಿಂತ ಉದ್ದದ, ಗಂಟಿಲ್ಲದ ಹಳೇ ಜಂಬೆ ಅಥವಾ ಸಾಗವಾನಿ ಬಾಗಿಲು ಪಟ್ಟಿ ಯಾರ ಊರಲ್ಲಾದರೂ ಮಾರಾಟಕ್ಕಿದ್ದರೆ ತಿಳಿಸಿ. ದುಡ್ಡು ಕೊಟ್ಟೇ ಕೊಳ್ತೀನಿ. ರಸೀತಿ ಮಾತ್ರ ಬೇಕೇ ಬೇಕು, ಅದರ ಮೇಲೆ ಮರದ ಹೆಸರು, ಅಳತೆ, ಯಾವ ಮನೆಯದ್ದು ಅಂತ ಸ್ಪಷ್ಟವಾಗಿ ಬರೆದಿರಬೇಕು.